ಹಾಯಸ್ತಾನದ ಕಲ್ಲು ಪಶ್ಚಿಮಕ್ಕೆ ತಿರುಗಿದ್ದು

೧೯೯೧ರಲ್ಲಿ ನಾನು ಓದು ಬಿಟ್ಟೆ, ಎಂಟನೆಯ ತರಗತಿಯ ಅರ್ಧಕ್ಕೆ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಕಲ್ಲಿಗೆ ಹೊಳಪು ಕೊಡುವ ಯಂತ್ರದ ಬಾಯಿಗೆ ನೀರು ಬಿಡುವ ಕೆಲಸ ಸಿಕ್ಕಿತ್ತು. ಶಾಲೆಗಿಂತ ಅದೇ ಹಿಡಿಸಿತು. ಅದೇ ವರ್ಷ ದೊಡ್ಡದೊಂದು ದೇಶ ಒಡೆದು ಹದಿನೈದು ದೇಶಗಳಾಯಿತು ಎಂಬುದು ನನಗೆ ತಿಳಿದದ್ದು ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಆಕ್ಲೆಂಡಿನ ಮನುಕಾವಿನ ಆಚೆ ಒಂದು ಕಲ್ಲಿನ ಯಾರ್ಡಿನಲ್ಲಿ, ಆ ಹದಿನೈದರಲ್ಲೊಂದರ ಹೆಸರನ್ನು ಕಲ್ಲಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂದಾಗ.

ಆ ಯಾರ್ಡಿನಲ್ಲಿ ಹೆಚ್ಚಾಗಿ ಆಗುವುದು ಸಮಾಧಿಯ ಕಲ್ಲು ಮತ್ತು ತೋಟದ ಗೋಡೆಗೆ ಬೇಕಾದ ಕರಿಕಲ್ಲು. ಆಕ್ಲೆಂಡ್ ನಿಂತಿರುವುದೇ ಆರಿದ ಜ್ವಾಲಾಮುಖಿಗಳ ಮೇಲೆ, ಕರಿಕಲ್ಲಿಗೆ ಇಲ್ಲಿ ಬರವಿಲ್ಲ. ಅಲ್ಲಿ ನಾನು ಒಂಬತ್ತು ವರ್ಷ ದುಡಿದೆ. ಮಾಡುತ್ತಿದ್ದದ್ದು ಮೇಸ್ತ್ರಿಯ ಕೆಲಸ, ಕಾಗದದಲ್ಲಿ ಇದ್ದದ್ದು ಲೇಬರರ್ ಅಂತ. ನನಗಿಂತ ಹದಿನೈದು ವರ್ಷ ಚಿಕ್ಕವನಾದ ಫೋರ್‌ಮನ್‌ಗೆ ಸರ್ಟಿಫಿಕೇಟ್ ಇತ್ತು. ಉಳಿ ಹಿಡಿದರೆ ಅವನ ಕೈ ಎಷ್ಟು ಓಡುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಲ್ಲಿ ಬರೀ ಅನುಭವದ ಮೇಲೂ ಸರ್ಟಿಫಿಕೇಟ್ ಕೊಡುವ ದಾರಿಯೊಂದಿದೆ. ಮಾಡಿದ ಕೆಲಸಗಳ ಫೋಟೋ ಹಚ್ಚಬೇಕು, ಅರ್ಜಿ ತುಂಬಬೇಕು, ಕೊನೆಯ ಪುಟದಲ್ಲಿ ‘ಈತ ಮೇಲ್ವಿಚಾರಣೆಯಿಲ್ಲದೆ ಕೆಲಸ ಮಾಡಬಲ್ಲ’ ಎಂಬ ಸಾಲಿನ ಕೆಳಗೆ ಮಾಲೀಕರು ಸಹಿ ಮಾಡಬೇಕು. ಅದು ಕೈಗೆ ಬಂದರೆ ಹಳೆಯ ಕಟ್ಟಡಗಳ ದುರಸ್ತಿ ಕೆಲಸಕ್ಕೆ ನಾನೇ ಹೋಗಿ ನಿಲ್ಲಬಹುದು. ನರ್ಸ್ ಆಗಿರುವ ನನ್ನ ಹೆಂಡತಿ ಆ ಅರ್ಜಿಯನ್ನು ಆಸ್ಪತ್ರೆಯ ಬಿಡುವಿನಲ್ಲಿ ಕೂತು ತುಂಬಿಕೊಟ್ಟಿದ್ದಳು. ನಾಲ್ಕು ವರ್ಷದಿಂದ ಕೊನೆಯ ಪುಟ ಖಾಲಿ. ಮಾಲೀಕರು ಕೆಟ್ಟ ಮನುಷ್ಯರಲ್ಲ. ಕೇಳಿದಾಗಲೆಲ್ಲ ಬೆನ್ನು ತಟ್ಟಿ, “ನೋಡೋಣ ಸಿಡ್,” ಎನ್ನುತ್ತಿದ್ದರು. ಸಿದ್ಧಲಿಂಗಪ್ಪ ಎಂಬ ನನ್ನ ಹೆಸರು ಯಾರ್ಡಿಗೆ ಕಾಲಿಟ್ಟ ಮೊದಲ ದಿನವೇ ಸಿಡ್ ಆಗಿತ್ತು.

ಹೀಗಿರುವಾಗ ಆರ್ಮೇನಿಯಾದ ಕೆಲವು ಮನೆಯವರು ಸೇರಿ ಒಂದು ಕಲ್ಲು ಬೇಕೆಂದು ಬಂದರು. ಈ ಊರಿನಲ್ಲಿ ಅವರು ಬೆರಳೆಣಿಕೆಯ ಮಂದಿ. ಬೇರೆಯವರದೊಂದು ಚರ್ಚು ತನ್ನ ಸಭಾಮಂದಿರದ ಪಕ್ಕ ಅವರಿಗೊಂದಿಷ್ಟು ಜಾಗ ಬಿಟ್ಟುಕೊಟ್ಟಿತ್ತು. ಅವರ ಮುಂದಾಳು ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಆರ್ಮೇನಿಯಾದ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಿಯಾಗಿ ಮಗಳ ಮನೆಗೆ ಬಂದವರು. ಎಲ್ಲರೂ ಟೀಚರ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವರಿಗೆ ಬೇಕಾದದ್ದು ಖಾಚ್‌ಕಾರ್. ಖಾಚ್ ಅಂದರೆ ಶಿಲುಬೆ, ಕಾರ್ ಅಂದರೆ ಕಲ್ಲು. ಆಳೆತ್ತರ ಮೀರಿದ ಚಪ್ಪಡಿ, ಮುಂದಿನ ಮೈಯಲ್ಲಿ ಶಿಲುಬೆ, ಶಿಲುಬೆಯ ಬುಡದಿಂದ ಎರಡು ಕಡೆ ಚಿಗುರುವ ಎಲೆ, ಕೆಳಗೊಂದು ಚಕ್ರದಂಥ ಹೂವು, ಸುತ್ತ ಹೆಣೆದ ದಾರದಂಥ ಅಂಚು. ಒಂದರಂತೆ ಇನ್ನೊಂದು ಇರಬಾರದಂತೆ. ಹಿಂದಿನ ಮೈಯಲ್ಲಿ ದೇಶಕ್ಕೆ ಹೆಸರು ಬಂದ ಬಗೆ ಮತ್ತು ಅದರ ಮೊದಲ ಕಾಲದ ಕಥೆ, ಅವರ ಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ.

ಮಾಲೀಕರು ನನ್ನನ್ನು ಆಫೀಸಿಗೆ ಕರೆದರು.

“ಸಿಡ್, ಇದು ಯಂತ್ರ ಕೆತ್ತೋ ಕೆಲಸ ಅಲ್ಲ. ಮಾಡ್ತೀಯಾ?”

“ಮಾಡ್ತೀನಿ. ನನ್ನ ಕೊನೆ ಪುಟ?”

ಅವರು ಫೋರ್‌ಮನ್ ಕಡೆ ನೋಡಿ ನಕ್ಕರು. “ಕಲ್ಲು ನಿಂತ ದಿನ ಸಹಿ. ಕೈ ಕೊಡು.”

ಕೈ ಕೊಟ್ಟೆ.

ಮೊದಲ ಪೆಟ್ಟು ಬಿದ್ದದ್ದು ಕಲ್ಲಿನಿಂದಲೇ. ಯಾರ್ಡಿನ ಮೂಲೆಯಲ್ಲಿ ಬಹಳ ದಿನದಿಂದ ಬಿದ್ದಿದ್ದ ಒಂದು ದಿಮ್ಮಿಯನ್ನು ಫೋರ್‌ಮನ್ ಆರಿಸಿದ್ದ. ಒಳ್ಳೆಯ ಕಲ್ಲು ಸುತ್ತಿಗೆ ತಾಗಿದರೆ ನುಡಿಯಬೇಕು. ಇದು ಮೂರು ಕಡೆ ನುಡಿಯಿತು, ಬಲಗಡೆಯ ಮೇಲಿನ ಮೂಲೆಯಲ್ಲಿ ಬದ್ದೆಂದಿತು. ನೀರು ಸುರಿದು ನೋಡಿದೆ. ಬಿರುಕಿದ್ದರೆ ಮೈ ಒಣಗುವಾಗ ಆ ಗೆರೆಯಲ್ಲಿ ಮಾತ್ರ ತೇವ ಉಳಿಯುತ್ತದೆ. ಗೆರೆಯೇನೂ ಕಾಣಲಿಲ್ಲ. “ನಿನ್ನ ಕಿವಿಗಿಂತ ನನ್ನ ಕಣ್ಣು ವಾಸಿ,” ಎಂದ ಫೋರ್‌ಮನ್. ಮೂರು ವಾರ ಅಂಚು ಕಡೆದ ಮೇಲೆ ಅದೇ ಮೂಲೆಯಲ್ಲಿ ಉಳಿ ಒಮ್ಮೆಲೇ ಒಳಗಿಳಿಯಿತು. ನಿಂಬೆಹಣ್ಣಿನಷ್ಟು ಪೊಳ್ಳು. ಅವನು ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿಬಿಡೋಣ ಎಂದ. ಎರಡು ಚಳಿಗಾಲ ಕಳೆದರೆ ಆ ತೇಪೆಯ ಬಣ್ಣ ಬೇರೆಯಾಗುತ್ತದೆ. ನಾನು ಆಗಲ್ಲ ಎಂದೆ. ಮಾಲೀಕರು ಮುಖ ಗಂಟಿಕ್ಕಿಕೊಂಡೇ ಬೇರೆ ದಿಮ್ಮಿ ತರಿಸಿದರು. ಹೋದ ಮೂರು ವಾರ ನನ್ನ ತಲೆಗೆ ಬಂತು, ಫೋರ್‌ಮನ್ನನ ತಲೆಗಲ್ಲ.

ಎರಡನೆಯ ದಿಮ್ಮಿಯನ್ನು ಕ್ವಾರಿಯಿಂದ ತಂದವರು ನಮ್ಮ ಹುಬ್ಬಳ್ಳಿಯವರೊಬ್ಬರು. ಕ್ರೇನ್ ಕೂರಿಸಿದ ಸ್ವಂತ ಟ್ರಕ್ಕು, ಕರೆದಾಗ ಯಾರ್ಡಿಗೆ ಬಾಡಿಗೆಗೆ ಬರುತ್ತಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಭಾಯ್ ಅನ್ನುತ್ತೇನೆ, ಅವರು ನನ್ನನ್ನು ಬೇಕೆಂತಲೇ ಎಲ್ಲರೆದುರಿಗೆ ಮೇಸ್ತ್ರಿ ಅನ್ನುತ್ತಾರೆ.

“ಮೇಸ್ತ್ರಿ, ಇದನ್ನೂ ಬಡದ ನೋಡಪಾ. ಇದೂ ಪೊಳ್ಳ ಇದ್ರ ವಾಪಸ್ ಒಯ್ಯಾಕ ನನಗ ಸೊಂಟಿಲ್ಲ.”

“ಟ್ರಕ್ ಒಯ್ಯತೈತಿ ಭಾಯ್, ನಿಮ್ಮ ಸೊಂಟಲ್ಲ.”

“ಟ್ರಕ್ಕಿಗೂ ನನ್ನಷ್ಟ ವಯಸ್ಸ ಆಗೇತಿ.”

ಬಡಿದೆ. ಉದ್ದಕ್ಕೂ ಒಂದೇ ದನಿ.

ಕರಿಕಲ್ಲಿನ ತೊಂದರೆಯೆಂದರೆ ಅದರ ಗಡಸು ಮಾತ್ರವಲ್ಲ, ಸಣ್ಣ ಸಣ್ಣ ತೂತು. ಲಾವಾ ಆರುವಾಗ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳವು. ಆರ್ಮೇನಿಯಾದಲ್ಲಿ ಈ ಕಲ್ಲುಗಳನ್ನು ಕಡೆಯುವುದು ಹೆಚ್ಚಾಗಿ ಒಂದು ಬಗೆಯ ಮೆತ್ತನೆಯ ಕೆಂಗಲ್ಲಿನಲ್ಲಿ. ಅದೂ ಜ್ವಾಲಾಮುಖಿಯದೇ ಮಗು, ಆದರೆ ಉಳಿಯ ಮಾತು ಕೇಳುತ್ತದೆ. ಇಲ್ಲಿ ದಾರದ ಹೆಣಿಗೆಯ ಎಳೆಯನ್ನು ಬೆರಳಗಲಕ್ಕಿಂತ ಸಣ್ಣ ಮಾಡಿದರೆ ತೂತು ಬಂದ ಕಡೆ ಎಳೆಯೇ ಹಾರಿಹೋಗುತ್ತದೆ. ಹಾಗಾಗಿ ಎಳೆ ದಪ್ಪ ಮಾಡಿದೆ. ದಪ್ಪ ಮಾಡಿದಾಗ ನಕ್ಷೆಯ ಲೆಕ್ಕ ತಪ್ಪಿ, ಮೂಲೆಯಲ್ಲಿ ಎಳೆಗಳು ಒಂದನ್ನೊಂದು ಕೂಡಲಿಲ್ಲ. ಫೋರ್‌ಮನ್ ಕಂಪ್ಯೂಟರಿನಲ್ಲಿ ಎರಡು ದಿನ ಒದ್ದಾಡಿದ. ಕೊನೆಗೆ ನಾನು ಅಂಚಿನುದ್ದಕ್ಕೂ ಸೀಮೆಸುಣ್ಣದ ಚುಕ್ಕಿಯಿಟ್ಟೆ, ನಮ್ಮವ್ವ ಅಂಗಳದಲ್ಲಿ ಇಡುತ್ತಿದ್ದ ಹಾಗೆ, ಮೂಲೆಯಲ್ಲಿ ಒಂದು ಚುಕ್ಕಿ ಕಡಿಮೆ ಮಾಡಿ ಎಳೆಯನ್ನು ಸುತ್ತಿ ತಂದೆ. ಹೊರಟಲ್ಲಿಗೇ ಬಂದು ಮುಟ್ಟಿತು. ಅವನು ಅದರ ಫೋಟೋ ಹೊಡೆದುಕೊಂಡು ಹೋಗಿ ಕಂಪ್ಯೂಟರಿಗೆ ಹಾಕಿದ. ಆಮೇಲಿನ ಕಾಗದಗಳಲ್ಲೆಲ್ಲ ಅಂಚಿನ ವಿನ್ಯಾಸ ಅವನದೆಂದೇ ಬಂತು.

ಬುಧವಾರಕ್ಕೊಮ್ಮೆ ಟೀಚರ್ ಬಸ್ಸು ಹಿಡಿದು ಯಾರ್ಡಿಗೆ ಬರುತ್ತಿದ್ದರು. ಫ್ಲಾಸ್ಕಿನಲ್ಲಿ ಕಷಾಯದಂಥ ಗಟ್ಟಿ ಕಾಫಿ, ಡಬ್ಬಿಯಲ್ಲಿ ಒಣದ್ರಾಕ್ಷಿಯ ಯಾವುದೋ ತಿಂಡಿ. ನನಗೊಂದು ಕಪ್ಪು, ಅವರಿಗೊಂದು. ನಮ್ಮಿಬ್ಬರ ಇಂಗ್ಲಿಷೂ ಕುಂಟುವಂಥದೇ ಆದ್ದರಿಂದ ಇಬ್ಬರಿಗೂ ಅಂಜಿಕೆ ಇರಲಿಲ್ಲ.

ಹಿಂದಿನ ಮೈಯ ಬರಹದ ಜಗಳ ಶುರುವಾದದ್ದು ಹೀಗೆ. ಆಫೀಸಿನವರು ಇಂಟರ್‌ನೆಟ್ಟಿನಿಂದ ಎತ್ತಿ ಹದಿನಾಲ್ಕು ಸಾಲು ಹೊಂದಿಸಿದ್ದರು. ಮೊದಲ ಸಾಲೇ, ಆರ್ಮೇನಿಯಾ ಎಂಬುದು ಸೋವಿಯತ್ ಒಕ್ಕೂಟದಿಂದ ೧೯೯೧ರಲ್ಲಿ ಬೇರೆಯಾದ ದೇಶ. ಟೀಚರ್ ಅದನ್ನು ಓದಿ ಕನ್ನಡಕ ತೆಗೆದು ಮಡಚಿದರು.

“ಎಪ್ಪತ್ತು ವರ್ಷ ಒಬ್ಬರ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು ಹುಟ್ಟಿದ ಊರು ಯಾವುದು ಅಂದರೆ ಆ ಬಾಡಿಗೆ ಮನೆ ಬಿಟ್ಟ ದಿನ ಹೇಳಬೇಕಾ?”

“ಜನಕ್ಕೆ ಗೊತ್ತಾಗೋದು ಅದೇ ಮೇಡಂ,” ಎಂದ ಫೋರ್‌ಮನ್.

“ಗೊತ್ತಿರೋದನ್ನ ಕಲ್ಲಲ್ಲಿ ಯಾಕೆ ಬರೀತೀರಿ?” ಎಂದು ಅವರು ನನ್ನ ಕಡೆ ತಿರುಗಿದರು. “ನಿನ್ನ ಊರಲ್ಲಿ ಹಳೇ ಕಲ್ಲಿನ ಬರಹ ಇವೆಯಾ? ಅದರಲ್ಲಿ ಮೊದಲು ಏನು ಬರುತ್ತೆ?”

ನಮ್ಮೂರಿಂದ ಐಹೊಳೆ, ಬಾದಾಮಿ ದೂರವೇನಲ್ಲ. ಶಾಸನ ಓದಲು ನನಗೆ ಬಾರದು, ಆದರೆ ಓದಬಲ್ಲವರು ಓದಿ ಹೇಳಿದ್ದನ್ನು ನಿಂತು ಕೇಳಿದ್ದೇನೆ. ಮೊದಲು ದೇವರು, ಆಮೇಲೆ ಯಾರ ಕುಲ, ಯಾವ ನಾಡು, ಆಮೇಲೆ ಏನು ಮಾಡಿದರು, ಕೊನೆಗೆ ಇದನ್ನು ಕೆಡಿಸಿದವನಿಗೆ ಶಾಪ ಎಂದೆ. ಅವರು ಬಹಳ ಹೊತ್ತು ನಕ್ಕರು.

“ನಮ್ಮ ಕಡೆಯ ಹಳೇ ರಾಜರ ಕಲ್ಲುಗಳಲ್ಲೂ ಕೊನೆಗೆ ಶಾಪ. ಶಾಪ ಬೇಡ. ಉಳಿದದ್ದು ನೀನು ಹೇಳಿದ ಹಾಗೇ ಮಾಡೋಣ.”

ಆ ಹದಿನಾಲ್ಕು ಸಾಲಿಗಾಗಿ ನಾಲ್ಕು ಬುಧವಾರ ಹೋದವು. ಅವರು ಹೇಳುವುದು, ನಾನು ಅಕ್ಷರದ ಅಗಲ ಅಳೆದು ಇಷ್ಟು ಹಿಡಿಸುತ್ತದೆ, ಇಷ್ಟು ಹಿಡಿಸುವುದಿಲ್ಲ ಎನ್ನುವುದು. ಹಾಗಾಗಿ ಒಂದೊಂದು ಸಾಲೂ ನನಗೆ ಬಾಯಿಪಾಠವಾಗಿದೆ. ಅವರು ತಮ್ಮನ್ನು ತಾವು ಹಾಯ್ ಎಂದು ಕರೆದುಕೊಳ್ಳುತ್ತಾರೆ, ನಾಡನ್ನು ಹಾಯಸ್ತಾನ್ ಎನ್ನುತ್ತಾರೆ. ಹಾಯ್ಕ್ ಎಂಬ ಬಿಲ್ಲುಗಾರನೊಬ್ಬ ದಕ್ಷಿಣದ ದೊಡ್ಡ ರಾಜನಿಗೆ ತಲೆ ಬಾಗುವುದಿಲ್ಲವೆಂದು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಉತ್ತರದ ಬೆಟ್ಟಗಳಿಗೆ ಹೋದ. ಬೆನ್ನಟ್ಟಿ ಬಂದ ಆ ರಾಜನನ್ನು ವಾನ್ ಎಂಬ ಸರೋವರದ ಹತ್ತಿರ ಒಂದೇ ಬಾಣಕ್ಕೆ ಕೆಡವಿದ. ಅವನ ಹೆಸರೇ ನಾಡಿಗೆ ಬಂತು. ಇದು ಕಥೆ. ಕಥೆ ಎಂದೇ ಬರೆಯಬೇಕು, ಇತಿಹಾಸ ಎನ್ನಬಾರದು ಎಂದು ಟೀಚರ್ ಪಟ್ಟು ಹಿಡಿದರು.

ಆರ್ಮೇನಿಯಾ ಎಂಬುದು ಹೊರಗಿನವರ ಬಾಯಲ್ಲಿ ಬಂದ ಹೆಸರು. ಎರಡೂವರೆ ಸಾವಿರ ವರ್ಷದ ಹಿಂದೆ ಪರ್ಷಿಯಾದ ಒಬ್ಬ ರಾಜ ಎತ್ತರದ ಬಂಡೆಯೊಂದರ ಮೇಲೆ ತನ್ನ ಗೆಲುವುಗಳನ್ನು ಮೂರು ಭಾಷೆಯಲ್ಲಿ ಕೆತ್ತಿಸಿದ. ಅವನ ಕೈಕೆಳಗಿನ ನಾಡುಗಳ ಪಟ್ಟಿಯಲ್ಲಿ ಇದೂ ಇದೆ. ಒಂದು ಭಾಷೆಯಲ್ಲಿ ಅರ್ಮಿನ ಎಂದಿದೆ. ಇನ್ನೊಂದರಲ್ಲಿ ಅದೇ ನಾಡಿಗೆ, ಅದಕ್ಕೂ ಮೊದಲು ಅಲ್ಲಿ ಆಳಿದ ಉರಾರ್ಟು ರಾಜ್ಯದ ಹೆಸರಿದೆ. ಆ ಉರಾರ್ಟುವಿನ ರಾಜನೊಬ್ಬ ಗುಡ್ಡದ ಮೇಲೆ ಕೋಟೆ ಕಟ್ಟಿಸಿ, ಕಟ್ಟಿಸಿದೆನೆಂದು ಕಲ್ಲಿನಲ್ಲಿ ಬರೆಸಿದ್ದ. ಎರಡು ಸಾವಿರದ ಎಂಟುನೂರು ವರ್ಷದಷ್ಟು ಹಳೆಯ ಆ ಕಲ್ಲು ಸಿಕ್ಕಿದೆ; ಈಗಿನ ರಾಜಧಾನಿಯ ಹೆಸರು ಆ ಕೋಟೆಯ ಹೆಸರಿನಿಂದಲೇ ಇಳಿದು ಬಂದದ್ದು.

“ಆ ಕಲ್ಲು ಕಡೆದವನ ಹೆಸರು ಇದೆಯಾ?” ಎಂದು ಕೇಳಿದೆ.

“ಇಲ್ಲ. ರಾಜನದು ಮಾತ್ರ.” ಕಪ್ಪು ಕೆಳಗಿಟ್ಟು ಅಂದರು, “ಆದರೆ ಖಾಚ್‌ಕಾರ್ ಕಡೆದ ಕೆಲವರು ತಮ್ಮ ಹೆಸರು ಹಾಕಿದ್ದಾರೆ. ಮೂಲೆಯಲ್ಲಿ, ಸಣ್ಣಕ್ಕೆ. ನಿನ್ನನ್ನು ನಿನ್ನವರು ಏನಂತ ಕರೀತಾರೆ? ಸಿಡ್ ಅಂತಲಾ?”

ಹೇಳಿದೆ. ಮೂರು ಸಲ ಅಂದು ಕಲಿತರು. ಸಭೆಯಲ್ಲಿ ಕೇಳಿ ಬರುತ್ತೇನೆ ಎಂದರು. ಮುಂದಿನ ಬುಧವಾರ ಆ ಮಾತು ಅವರಾಗಿ ಎತ್ತಲಿಲ್ಲ. ಆಮೇಲೆ ಗೊತ್ತಾಯಿತು, ಅವರ ಸಭೆ ಒಪ್ಪಿತ್ತು, ನಮ್ಮ ಆಫೀಸು ಒಪ್ಪಿರಲಿಲ್ಲ. ಶಿಲುಬೆಯ ಬುಡದಲ್ಲಿ ಯಾರ್ಡಿನ ಹೆಸರಿನ ಕಂಚಿನ ಪಟ್ಟಿಯೊಂದೇ ಸಾಕು ಎಂದಿದ್ದರಂತೆ.

ಮನೆಯಲ್ಲಿ ಹೆಂಡತಿ ಅಂದಳು: “ಆ ಅಜ್ಜಿ ಕೂಡ ತಾಸಗಟ್ಟಲೆ ಸಾವಿರ ವರ್ಷದ್ದ ಮಾತಾಡ್ತೀರಿ. ನನ್ನ ಕೂಡ ನಾಳಿ ಸಂತಿದ್ದೂ ಮಾತಾಡಂಗಿಲ್ಲ.”

“ನಾಳಿ ಸಂತ್ಯಾಗ ಏನ ತರಬೇಕ ಹೇಳ.”

“ಮೆಂತೆ. ಮತ್ತ ಆ ಸಹಿ.”

ಇಷ್ಟರಲ್ಲಿ ಕಲ್ಲು ನಿಲ್ಲಿಸುವ ಕಾಂಕ್ರೀಟ್ ಕಟ್ಟೆ ಆಗಿತ್ತು. ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಫೋರ್‌ಮನ್ ನಕ್ಷೆ ಹಿಡಿದು ಬಂದ. ಕಲ್ಲಿನ ಬುಡಕ್ಕೆ ನಾಲ್ಕು ಸ್ಟೀಲ್ ಸರಳು, ಅವು ಇಳಿಯಲು ಕಟ್ಟೆಯಲ್ಲಿ ನಾಲ್ಕು ತೂತು. ಕಲ್ಲಿನ ನೆತ್ತಿಯಲ್ಲಿ ಸೂರಿನಂಥ ಚಾಚೊಂದು ಮುಂದಕ್ಕೆ ಬಂದಿರುವುದರಿಂದ ಕಲ್ಲಿನ ಭಾರ ನಟ್ಟನಡುವೆ ಇಲ್ಲ. ಸರಳುಗಳೂ ನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿವೆ. ಹಾಗಾಗಿ ತೂತು ಕೊರೆಯುವ ಮೊದಲೇ ಮುಂದು ಯಾವ ಕಡೆ ಎಂದು ತಿಳಿದಿರಬೇಕು. ನಕ್ಷೆಯಲ್ಲಿ ‘ಮುಂದು’ ಎಂದಿತ್ತೇ ಹೊರತು ದಿಕ್ಕಿನ ಬಾಣ ಇರಲಿಲ್ಲ.

“ಮುಂದು ಯಾವ ಕಡೆ ಸಿಡ್?”

“ಪೂರ್ವ,” ಎಂದೆ, ರೊಟ್ಟಿ ಮುರಿಯುತ್ತಲೇ.

ಅದು ನನಗೆ ಪ್ರಶ್ನೆಯಾಗಿಯೇ ಕಾಣಲಿಲ್ಲ. ಇಲ್ಲಿಗೆ ಬರುವ ಮೊದಲು ಹದಿನೆಂಟು ವರ್ಷ ನಾನು ಊರೂರು ತಿರುಗಿ ನಿಲ್ಲಿಸಿದ ಬಸವಣ್ಣ, ಹನುಮಪ್ಪ, ನಾಗರಕಲ್ಲು ಎಲ್ಲದರ ಜೊತೆ ಒಬ್ಬ ಹಿರಿಯರು ನಿಂತು ಮೂಡಣ ನೋಡಿ ಗೆರೆ ಹಾಕಿಕೊಡುತ್ತಿದ್ದರು. ಪೂಜೆಗೊಳ್ಳುವ ಕಲ್ಲು ಮೂಡಣಕ್ಕೆ ಮುಖ ಮಾಡುತ್ತದೆ ಎಂಬುದು ನನಗೆ ನೀರು ಇಳಿಜಾರಿಗೆ ಹರಿಯುತ್ತದೆ ಎಂದಷ್ಟೇ ಸಹಜ. ಇದು ಬೇರೆಯವರ ಪೂಜೆ, ಒಂದು ಮಾತು ಕೇಳೋಣ ಎಂದು ಹೊಳೆಯಲಿಲ್ಲ. ವಾರಕ್ಕೊಮ್ಮೆ ಎದುರಿಗೆ ಕೂತು ಕಾಫಿ ಕುಡಿಯುತ್ತಿದ್ದವರನ್ನು ನಾನು ಎಲ್ಲ ಕೇಳಿದೆ, ಅದೊಂದನ್ನು ಬಿಟ್ಟು. ಆ ಜಾಗದಲ್ಲಿ ಪೂರ್ವಕ್ಕೇ ರಸ್ತೆ ಇತ್ತು, ಕೆತ್ತನೆಯೂ ಕಂಚಿನ ಪಟ್ಟಿಯೂ ರಸ್ತೆಗೆ ಕಾಣುತ್ತವೆ ಎಂದು ಮಾಲೀಕರಿಗೂ ಸರಿಹೋಯಿತು.

ಜೂನ್ ತಿಂಗಳ ಒಂದು ಶುಕ್ರವಾರ ಕಲ್ಲು ನಿಲ್ಲಿಸಿದೆವು. ಮರುದಿನ ಬೆಳಿಗ್ಗೆ ಸಿಡ್ನಿಯಿಂದ ಅವರ ಪಾದ್ರಿ ಬಂದು, ಕಲ್ಲನ್ನು ದ್ರಾಕ್ಷಾರಸದಲ್ಲಿ ತೊಳೆದು, ಎಣ್ಣೆ ಹಚ್ಚಿ ಪೂಜೆಗೆ ತರಬೇಕಿತ್ತು. ಒಂದೂವರೆ ಟನ್ನಿನ ಕಲ್ಲು. ಕ್ರೇನಿನ ಎತ್ತುವ ಪಟ್ಟಿ ಕೆತ್ತನೆಗೆ ಉಜ್ಜದಂತೆ ಅಂಚಿಗೆಲ್ಲ ಹಳೆಯ ಕಾರ್ಪೆಟ್ ತುಂಡು ಕಟ್ಟಿ, ಭಾಯ್ ಕ್ರೇನಿನಲ್ಲಿ ಎತ್ತಿ ಹಿಡಿದರು. ತೂತುಗಳಿಗೆ ಅಂಟು ಸುರಿದು, ಸರಳು ಇಳಿಸಿ, ಸೀಸದ ಬಿಲ್ಲೆ ಕೊಟ್ಟು ಮಟ್ಟ ನೋಡಿದೆ. ಆ ಅಂಟು ನಿಧಾನದ್ದು. ಆ ಚಳಿಗೆ ಅದು ನಾಲ್ಕೈದು ತಾಸು ಜೇನಿನಂತಿದ್ದು ಆಮೇಲೆ ಹಿಡಿಯುತ್ತದೆ. ಹಿಡಿದರೆ ಮುಗಿಯಿತು, ಕಲ್ಲು ಒಡೆಯದೆ ಕದಲಿಸಲು ಆಗದು. ಕೆಲಸ ಮುಗಿದಾಗ ಮಧ್ಯಾಹ್ನ ಹನ್ನೆರಡೂವರೆ.

ಒಂದೂವರೆಗೆ ಟೀಚರ್ ಬಂದರು. ರಸ್ತೆಯ ಕಡೆಯಿಂದಲೇ ಬಂದು ಕಲ್ಲಿನ ಮುಂದೆ ನಿಂತರು. ಹೂವಿನ ಚಕ್ರ ಮುಟ್ಟಿದರು, ಎಲೆ ಮುಟ್ಟಿದರು, ಕಣ್ಣೊರೆಸಿಕೊಂಡರು. ಆಮೇಲೆ ತಲೆಯೆತ್ತಿ ಕಲ್ಲಿನಾಚೆ, ಸೂರ್ಯ ಇಳಿಯತೊಡಗಿದ್ದ ಕಡೆ ನೋಡಿದರು. ಮುಖ ಬೇರೆಯಾಯಿತು.

“ಚೆನ್ನಾಗಿದೆ,” ಎಂದರು.

“ಏನಾಯ್ತು ಟೀಚರ್?”

“ಏನಿಲ್ಲ. ಚೆನ್ನಾಗಿದೆ. ನೀನು ಮನೆಗೆ ಹೋಗು, ದಣಿದಿದ್ದೀಯಾ.”

ನಾನು ಬಿಡಲಿಲ್ಲ. ಎರಡನೆಯ ಸಲ ಕೇಳಿದ ಮೇಲೆ ಹೇಳಿದರು. ಖಾಚ್‌ಕಾರಿನ ಮುಖ ಪಶ್ಚಿಮಕ್ಕಿರಬೇಕು. ಅದರ ಮುಂದೆ ನಿಂತವರು ಆಗ ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸುತ್ತಾರೆ.

“ಪಶ್ಚಿಮಕ್ಕೆ ತಿರುಗಿ ನಾವು ಮಾಡೋದು ಒಂದೇ. ದೀಕ್ಷಾಸ್ನಾನದ ದಿನ ಸೈತಾನನನ್ನು ಬೇಡ ಅನ್ನೋದು.” ನನ್ನ ತೋಳು ಹಿಡಿದರು. “ನಾನು ಹೇಳಬೇಕಿತ್ತು. ನಮಗೆ ಇದು ಎಷ್ಟು ಗೊತ್ತು ಅಂದರೆ, ಹೇಳಬೇಕು ಅಂತಲೇ ತೋಚಲಿಲ್ಲ. ಇರಲಿ. ಈ ದೇಶದಲ್ಲಿ ಎಲ್ಲ ಸ್ವಲ್ಪ ತಿರುಗುಮುರುಗು. ಚೆನ್ನಾಗಿದೆ.”

ಆ ‘ಚೆನ್ನಾಗಿದೆ’ಯನ್ನು ನಾನು ಬಲ್ಲೆ. ಒಂಬತ್ತು ವರ್ಷ ಅದೇ ಯಾರ್ಡಿನಲ್ಲಿ ನಾನೂ ಅದನ್ನೇ ಅಂದಿದ್ದೇನೆ.

ಫೋರ್‌ಮನ್ ತನ್ನ ಸಾಮಾನನ್ನು ಯೂಟ್‌ಗೆ, ಹಿಂದೆ ತೆರೆದ ತೊಟ್ಟಿಯಿರುವ ಗಾಡಿಗೆ, ತುಂಬುತ್ತಿದ್ದ. ಹೇಳಿದೆ. “ನಾನು ಏನೂ ಕೇಳಿಲ್ಲ,” ಎಂದು ಬಾಗಿಲು ಹಾಕಿಕೊಂಡು ಹೋದ. ದಿಕ್ಕಿನ ಬಾಣವಿಲ್ಲದ ನಕ್ಷೆ ಅವನದು. ಮಾಲೀಕರಿಗೆ ಫೋನ್ ಮಾಡಿದೆ.

“ಡ್ರಾಯಿಂಗ್‌ನಲ್ಲಿ ದಿಕ್ಕು ಇದೆಯಾ?”

“ಇಲ್ಲ.”

“ಅವರು ಅದಕ್ಕೆ ಸಹಿ ಹಾಕಿದ್ದಾರಾ?”

“ಹಾಕಿದ್ದಾರೆ.”

“ಹಾಗಾದ್ರೆ ಕಲ್ಲು ಸರಿಯಾಗೇ ನಿಂತಿದೆ. ಎತ್ತೋಕೆ ಹೋಗಿ ಒಡೆದರೆ ಯಾರು ಹೊಣೆ? ಮನೆಗೆ ಹೋಗು ಸಿಡ್. ಸೋಮವಾರ ಆ ಪುಟ ತಗೊಂಡು ಬಾ.”

ಫೋನಿಟ್ಟೆ. ನಾಲ್ಕು ವರ್ಷ ಕಾದ ಸಹಿ ಎರಡು ದಿನದ ಆಚೆಗಿತ್ತು. ಅದಕ್ಕೆ ನಾನು ಮಾಡಬೇಕಾದದ್ದು ಏನೂ ಇಲ್ಲ, ಸುಮ್ಮನೆ ಮನೆಗೆ ಹೋಗುವುದು. ನನ್ನದು ದೊಡ್ಡ ಭಕ್ತಿಯೇನಲ್ಲ, ಅವರ ಸೈತಾನನೂ ನನಗೆ ಗೊತ್ತಿಲ್ಲ. ಆದರೆ ಪೂರ್ವ ಎಂದದ್ದು ನನ್ನ ಬಾಯಿ. ನನ್ನ ಕೈಯ ಕಲ್ಲು ತಪ್ಪಾಗಿ ನಿಂತಿದೆ ಎಂದು ಗೊತ್ತಿದ್ದೂ, ಅದರದೇ ಫೋಟೋ ಹಚ್ಚಿ, ಈತ ಕೆಲಸ ಬಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಿಸಿಕೊಳ್ಳಬೇಕಿತ್ತು. ಕಲ್ಲಿನ ಸುತ್ತ ಎರಡು ಸುತ್ತು ಬಂದೆ. ತೂತಿನ ಬಾಯಲ್ಲಿ ಉಕ್ಕಿದ್ದ ಅಂಟನ್ನು ಬೆರಳಿಂದ ಮುಟ್ಟಿ ನೋಡಿದೆ. ಎಳೆಯಾಗಿ ಬಂತು.

ಭಾಯ್ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದ್ದರು.

“ಭಾಯ್, ಎಬ್ಬಸಬೇಕ.”

“ಏನ?”

“ಕಲ್ಲ.”

ಅವರು ಅಗಿಯುವುದನ್ನು ನಿಲ್ಲಿಸಲಿಲ್ಲ. “ಸಾಹೇಬ ಏನಂದ?”

“ಬ್ಯಾಡಂದ.”

“ಕಲ್ಲ ಎದ್ರ ಅದರ ಕೂಡ ನಿನ್ನ ನೌಕರೀನೂ ಎದ್ದ ಹೊಕ್ಕೈತಿ. ನನ್ನ ಬಾಡಿಗೀನೂ ಹೊಕ್ಕೈತಿ.”

“ಹೌದ.”

“ಸಹಿ ಸಲುವಾಗಿ ನಾಕ ವರ್ಷ ತೆಲಿ ತಿಂದಿ ನನ್ನದು.”

“ಹೌದ ಭಾಯ್.”

ಡಬ್ಬಿ ಮುಚ್ಚಿದರು. “ನಾವೂ ಇಲ್ಲಿಂದ ಪಶ್ಚಿಮಕ್ಕ ತಿರುಗೀನ ನಮಾಜ್ ಮಾಡಾವ್ರಪಾ. ಕಿಬ್ಲಾ ದಿಕ್ಕ ತಪ್ಪಿಸಿ ನಿಂದ್ರಂದ್ರ ನಾ ನಿಂದ್ರತೀನೇನ? ಏಳ. ಆ ಎತ್ತೂ ಪಟ್ಟಿ ಕೊಡ. ನನ್ನ ಹೇಣ್ತಿಗೆ ಮಾತ್ರ ನೀನ ಬಂದ ಹೇಳ್ಬೇಕ.”

ಎತ್ತಿದೆವು. ಸರಳುಗಳು ಅಂಟಿನ ನೂಲೆಳೆಯುತ್ತ ಮೇಲೆ ಬಂದವು. ಕಲ್ಲನ್ನು ಮರದ ತುಂಡುಗಳ ಮೇಲೆ ಮಲಗಿಸಿ, ಸರಳುಗಳನ್ನು ಅಸಿಟೋನಿನಲ್ಲಿ ಒರೆಸಿದೆ. ಹಳೆಯ ತೂತುಗಳಲ್ಲಿದ್ದ ಅಂಟನ್ನು ಅಲ್ಲೇ ಗಟ್ಟಿಯಾಗಲು ಬಿಟ್ಟೆ. ಸರಳಿನ ಜಾಗವನ್ನು ರಟ್ಟಿನಲ್ಲಿ ಕತ್ತರಿಸಿ, ಆ ರಟ್ಟನ್ನು ತಿರುಗಿಸಿಟ್ಟು ಕಟ್ಟೆಯ ಮೇಲೆ ಹೊಸ ಗುರುತು ಹಾಕಿದೆ. ಎರಡು ಹೊಸ ತೂತು ಹಳೆಯವಕ್ಕೆ ಮೂರು ಬೆರಳು ಹತ್ತಿರ ಬರುತ್ತಿದ್ದವು. ಕಟ್ಟೆ ಸೀಳುವ ಭಯಕ್ಕೆ ಇಡೀ ಕಲ್ಲನ್ನು ಒಂದು ಗೇಣು ಹಿಂದಕ್ಕೆ ಒಯ್ದೆ. ನಾಲ್ಕು ತೂತು, ಒಂದೊಂದು ಗೇಣು ಆಳ. ಮೂರನೆಯದರಲ್ಲಿ ಡ್ರಿಲ್ಲಿಗೆ ಕಬ್ಬಿಣ ಸಿಕ್ಕಿತು, ಕಾಂಕ್ರೀಟಿನೊಳಗಿನ ಸರಳಿನದು. ಬಿಟ್ ಬದಲಿಸಿ ಅದನ್ನು ಕಡಿಯುವುದರಲ್ಲೇ ಅರ್ಧ ತಾಸು ಹೋಯಿತು. ಟೀಚರ್ ಮಂದಿರದ ಮೆಟ್ಟಿಲಲ್ಲಿ ಕೂತು ನೋಡುತ್ತಿದ್ದರು. ಒಮ್ಮೆ ಎದ್ದು ಬಂದು, “ನಿನಗೆ ತೊಂದರೆ ಆಗುತ್ತಾ?” ಎಂದು ಕೇಳಿದರು. ಇಲ್ಲ ಎಂದೆ. ಭಾಯ್ ಕನ್ನಡದಲ್ಲಿ, “ಸುಳ್ಳಬುರುಕ,” ಎಂದರು.

ಐದಕ್ಕೆ ಮೊದಲೇ, ಬೆಳಕಿರುವಾಗಲೇ, ಹೊಸ ಅಂಟಿನ ಮೇಲೆ ಕಲ್ಲು ಮತ್ತೆ ನಿಂತಿತು. ಶಿಲುಬೆ ಪಶ್ಚಿಮಕ್ಕೆ, ಮಂದಿರದ ಗೋಡೆಯ ಕಡೆಗೆ. ರಸ್ತೆಗೆ ಈಗ ಕಾಣುವುದು ಹಿಂದಿನ ಮೈಯ ಹದಿನಾಲ್ಕು ಸಾಲು: ಹಾಯ್, ಹಾಯಸ್ತಾನ್, ಬಿಲ್ಲುಗಾರ, ಬಂಡೆಯ ಮೇಲಿನ ಹೆಸರು, ಕೋಟೆ. ಕಂಚಿನ ಪಟ್ಟಿ ಗೋಡೆಯ ಕಡೆ ಹೋಯಿತು. ಟೀಚರ್ ಮುಂದೆ ಬಂದು ಪೂರ್ವಕ್ಕೆ ಮುಖ ಮಾಡಿ ನಿಂತರು. ನಾವು ಸಾಮಾನು ಕಟ್ಟಿ ಟ್ರಕ್ಕಿಗೆ ಹಾಕುವವರೆಗೂ ಹಾಗೇ ನಿಂತಿದ್ದರು.

ಶನಿವಾರದ ಪೂಜೆಗೆ ನಾನು ಹೋಗಿದ್ದೆ, ಹಿಂದಿನ ಸಾಲಿನಲ್ಲಿ. ಫೋರ್‌ಮನ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ಕಲ್ಲು ತಿರುಗಿದ್ದನ್ನು ನೋಡಿ ಅದರ ಸುತ್ತ ಒಂದು ಸುತ್ತು ಬಂದ. ಅವರ ಸಭೆಯ ಪತ್ರಿಕೆಗೆ ಫೋಟೋ ಹೊಡೆದಾಗ ಪಾದ್ರಿಯ ಪಕ್ಕ ನಿಂತವನು ಅವನು. ಟೀಚರ್ ನನ್ನನ್ನು ಕರೆಯಲು ಹುಡುಕಿದರಂತೆ. ನಾನು ಅಷ್ಟರಲ್ಲಿ ಬಸ್‌ಸ್ಟಾಪಿನಲ್ಲಿದ್ದೆ.

ಸೋಮವಾರ ಆ ಪುಟ ಒಯ್ದೆ. ಮಾಲೀಕರು ದನಿ ಏರಿಸಲಿಲ್ಲ.

“ಒಂದೂವರೆ ಟನ್. ಹೇಗೆ ಎತ್ತೋದು ಅಂತ ಬರೆದ ಲಿಫ್ಟ್ ಪ್ಲಾನ್ ಇಲ್ಲ. ಬೇಡ ಅಂದ ಮೇಲೂ. ಪಕ್ಕದಲ್ಲಿ ಎಪ್ಪತ್ತು ವರ್ಷದ ಮುದುಕಿ. ಕೆಳಗೆ ಬಿದ್ದಿದ್ದರೆ?”

“ಬೀಳಲಿಲ್ಲ.”

“ಅದಲ್ಲ ನಾನು ಕೇಳಿದ್ದು.” ಪುಟವನ್ನು ನನ್ನ ಕಡೆ ತಳ್ಳಿದರು. “ಮೇಲ್ವಿಚಾರಣೆ ಬೇಡದ ಮನುಷ್ಯ ಅಂತ ನಿನಗೆ ಹೇಗೆ ಬರೆದುಕೊಡಲಿ ಸಿಡ್? ನೀನೇ ಹೇಳು.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕ್ರೇನಿನ ಪಟ್ಟಿ ಜಾರಿದ್ದರೆ ಇಂದು ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಮೊದಲ ದಿಮ್ಮಿಯ ಪೊಳ್ಳು, ಬಾಣವಿಲ್ಲದ ನಕ್ಷೆ, ಇವು ಯಾರ ಮೇಲ್ವಿಚಾರಣೆಯಲ್ಲಿ ಆದವು ಎಂದು ಕೇಳಬಹುದಿತ್ತು. ಪುಟ ಮಡಚಿ ಜೇಬಿಗಿಟ್ಟುಕೊಂಡೆ. ಆ ವಾರದ ಕೊನೆಗೆ ಯಾರ್ಡ್ ಬಿಟ್ಟೆ. ಹೋಗೆಂದು ಯಾರೂ ಅನ್ನಲಿಲ್ಲ, ಇರೆಂದೂ ಅನ್ನಲಿಲ್ಲ. ಭಾಯ್‌ಗೆ ಎರಡು ತಿಂಗಳು ಕರೆ ಬರಲಿಲ್ಲ. ಅವರ ಹೆಂಡತಿಗೆ ನಾನೇ ಹೋಗಿ ಹೇಳಿದೆ. ಚಹಾ ಕೊಟ್ಟು ಒಳಗೆ ಹೋದರು.

ಟೀಚರ್ ಯಾರ್ಡಿಗೆ ದೊಡ್ಡದೊಂದು ಪತ್ರ ಬರೆದರಂತೆ, ನನ್ನ ಪೂರಾ ಹೆಸರು ಹಾಕಿ. ಅದನ್ನು ಚೌಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗಿಹಾಕಿದ್ದಾರೆ ಎಂದು ಭಾಯ್ ಹೇಳಿದರು. ಕೆಳಗೆ ಫೋರ್‌ಮನ್ ಪಾದ್ರಿಯ ಪಕ್ಕ ನಿಂತ ಫೋಟೋ ಇದೆಯಂತೆ.

ಬೇರೆ ಎರಡು ಯಾರ್ಡುಗಳಿಗೆ ಹೋದೆ. ಕೈ ನೋಡಲಿಲ್ಲ, ಸರ್ಟಿಫಿಕೇಟ್ ಕೇಳಿದರು.

“ನೀವ ತಿರುಗಿಸದ ಇದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ,” ಎಂದಳು ಹೆಂಡತಿ, ಒಂದು ಸಲ, ಪಾತ್ರೆ ಒರೆಸುತ್ತ.

“ಆ ಅಜ್ಜಿಗೆ ಗೊತ್ತಿತ್ತ.”

“ಅಜ್ಜಿ ಬಂದ ನಿಮ್ಮ ಕಾಗದಕ್ಕ ಸಹಿ ಹಾಕ್ತಾಳೇನ?”

ಹಾಕುವುದಿಲ್ಲ. ಈಗ ಮನೆ ಮನೆಗೆ ತೋಟದ ಗೋಡೆ ಕಟ್ಟಿಕೊಡುತ್ತೇನೆ. ಮೊಣಕಾಲೆತ್ತರ ಮೀರದ ಗೋಡೆ. ಅದಕ್ಕೆ ಯಾರೂ ಕಾಗದ ಕೇಳುವುದಿಲ್ಲ.

ಇವತ್ತಿಗೆ ನನ್ನ ಹತ್ತಿರ ಇರುವುದು: ಉಳಿ ಇಪ್ಪತ್ಮೂರು, ಸುತ್ತಿಗೆ ಐದು, ಗ್ರೈಂಡರ್ ಎರಡು, ಹಳೆಯ ಯೂಟ್ ಒಂದು. ಕೈಯಲ್ಲಿ ಮೂರು ಗೋಡೆಯ ಕೆಲಸ. ಸಹಿಯಿಲ್ಲದ ಪುಟ ಒಂದು. ಸರ್ಟಿಫಿಕೇಟ್ ಇಲ್ಲ.